ಕೊಳ್ಳ ಹರಿಯುವ ಹೊತ್ತು

ಹುಬ್ಬಳ್ಳಿಯಿಂದ ನವಲಗುಂದ, ನರಗುಂದ, ಕುಳಗೇರಿ ಕ್ರಾಸ್ ಹಾದು ಬಾದಾಮಿಗೆ ಹೋದರೆ ನೂರು ಕಿಲೋಮೀಟರಿಗೆ ಸ್ವಲ್ಪ ಮೇಲಾಗುತ್ತದೆ. ಬಸ್ಸಿನಲ್ಲಿ ಎಷ್ಟೋ ಸಲ ಓಡಾಡಿದ ದಾರಿ. ಘಾಟಿಲ್ಲ, ದೊಡ್ಡ ಏರಿಲ್ಲ, ಕಣ್ಣು ಹರಿಯುವಷ್ಟು ದೂರ ಎರೆ ಬಯಲು. ತಾಸಿಗೆ 18 ಕಿ.ಮೀ. ತುಳಿದರೆ ಆರು ತಾಸಿನ ಕೆಲಸ ಎಂದು ಲೆಕ್ಕ ಹಾಕಿ, ನಾಷ್ಟಾ ಮುಗಿಸಿ ಬೆಳಿಗ್ಗೆ ಒಂಬತ್ತಕ್ಕೆ ಸೈಕಲ್ ಹತ್ತಿದೆ. ಅವತ್ತು ಎಳ್ಳ ಅಮಾವಾಸ್ಯೆ.

ಲೆಕ್ಕದಲ್ಲಿ ಗಾಳಿಯನ್ನು ಹಿಡಿದಿರಲಿಲ್ಲ.

ಚಳಿಗಾಲದಲ್ಲಿ ಈ ಬಯಲಿಗೆ ಮೂಡಣ ಗಾಳಿ. ನಸುಕಿನಲ್ಲಿ ಎಲೆ ಅಲುಗುವುದಿಲ್ಲ; ಬಿಸಿಲು ಏರಿದಂತೆ ಗಾಳಿಯೂ ಏಳುತ್ತದೆ. ನನ್ನ ದಾರಿ ಈಶಾನ್ಯದ ಕಡೆ. ಕುಸುಗಲ್ ದಾಟುವವರೆಗೆ ಹಿತವಾಗಿದ್ದದ್ದು ಆಮೇಲೆ ಎದೆಗೆ ಕೈಯಿಟ್ಟು ಹಿಂದಕ್ಕೆ ನೂಕತೊಡಗಿತು. ಎರೆ ಹೊಲಗಳ ನಡುವೆ ಅದನ್ನು ತಡೆಯುವ ಮರವಿಲ್ಲ, ಮನೆಯಿಲ್ಲ. ಏರು ಹತ್ತಿದರೆ ಆಚೆ ಇಳಿಜಾರು ಸಿಗುತ್ತದೆ. ಎದುರು ಗಾಳಿಗೆ ಅಂಥ ಆಚೆ ಇಲ್ಲ. ತಾಸಿಗೆ ಹನ್ನೊಂದು ಕಿಲೋಮೀಟರಿಗೆ ಇಳಿದೆ. ಸಿಟ್ಟಿನಿಂದ ಇನ್ನಷ್ಟು ಜೋರಾಗಿ ತುಳಿದೆ. ಅದು ತಪ್ಪು. ಎದುರು ಗಾಳಿಯಲ್ಲಿ ಹಗುರ ಗೇರಿಗೆ ಇಳಿದು, ಬೆನ್ನು ಬಗ್ಗಿಸಿ, ವೇಗದ ಆಸೆ ಬಿಡಬೇಕು. ನಾನು ನವಲಗುಂದ ಮುಟ್ಟುವ ಮೊದಲೇ ತೊಡೆಗಳನ್ನು ಖರ್ಚು ಮಾಡಿಬಿಟ್ಟಿದ್ದೆ.

ಆದರೆ ನಿಧಾನವಾದದ್ದರಿಂದ ಕಂಡದ್ದೂ ಉಂಟು. ಹಿಂಗಾರಿ ಬೆಳೆ ಆಗ ತುಂಬು ಹರೆಯದಲ್ಲಿತ್ತು. ಕಡಲೆ ಕಾಯಿ ಕಟ್ಟಿತ್ತು, ಬಿಳಿಜೋಳ ಎದೆಯುದ್ದ ನಿಂತಿತ್ತು. ಮಳೆ ನಿಂತ ಮೇಲೆ ನೆಲದೊಳಗಿನ ಹಸಿಯನ್ನೇ ಉಂಡು ಬೆಳೆಯುವ ಬೆಳೆಗಳಿವು. ಎರೆ ಮಣ್ಣು ನೀರನ್ನು ಅಷ್ಟು ದಿನ ಹಿಡಿದಿಟ್ಟುಕೊಳ್ಳುತ್ತದೆ. ಕಡಲೆ ಹೊಲದ ಅಂಚಿಗೆ ಕುಸುಬೆಯ ಸಾಲು. ಎಣ್ಣೆಕಾಳಿನ ಬೆಳೆಯೂ ಆಯಿತು, ಮುಳ್ಳಿರುವುದರಿಂದ ದನ ಬಾಯಿ ಹಾಕದಂತೆ ಬೇಲಿಯೂ ಆಯಿತು. ಬಸ್ಸಿನ ಕಿಟಕಿಯಿಂದ ಇದನ್ನೆಲ್ಲ ಬರೀ ಹಸಿರು ಎಂದು ನೋಡಿಕೊಂಡು ಹೋಗಿದ್ದೆನಲ್ಲ ಎಂದು ಬೇಸರವಾಯಿತು.

ನವಲಗುಂದ ಬಿಟ್ಟ ಮೇಲೆ ಲಾರಿಗಳ ಕಾಟ ತಪ್ಪಿಸಲು ಒಂದು ಹೊಲದ ದಾರಿ ಹಿಡಿದೆ. ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಟಿದ್ದರು. ಒಂದು ಮೈಲಿಯೊಳಗೆ ಹಿಂದಿನ ಗಾಲಿ ಕೂತಿತು. ನೆಗ್ಗಿಲ ಮುಳ್ಳು. ಹೇಗೆ ಬಿದ್ದರೂ ಒಂದು ಮೊನೆ ಮೇಲೆಯೇ ಇರುವ ಕಾಯಿ ಅದು. ತೂತು ಹುಡುಕಿ, ಉಜ್ಜಿ, ಸೊಲ್ಯೂಷನ್ ಹಚ್ಚಿ, ಪ್ಯಾಚ್ ಅಂಟಿಸಿದೆ. ಹತ್ತು ನಿಮಿಷಕ್ಕೆ ಮತ್ತೆ ಗಾಳಿ ಹೋಯಿತು. ಟೈರಿನ ಒಳಮೈಗೆ ಬೆರಳಾಡಿಸಿ ನೋಡಿರಲಿಲ್ಲ. ಮುರಿದ ಮೊನೆ ಅಲ್ಲೇ ಉಳಿದಿತ್ತು. ಬಿಸಿಲಲ್ಲಿ ಗಡಿಬಿಡಿ ಮಾಡಿದ್ದಕ್ಕೆ ತೆತ್ತ ದಂಡ. ಎರಡನೆಯ ಸಲ ಗಾಳಿ ಹೊಡೆಯುವಾಗ ನನ್ನ ಕೈಪಂಪಿನ ವಾಷರ್ ಹರಿದುಹೋಯಿತು.

ಬದುವಿನ ಆಚೆಯಿಂದ ಕೂಗು ಕೇಳಿತು. "ಏ ಸರ, ಯಾಕ ನಿಂತ್ರಿ? ಬರ್ರಿ ಇತ್ತಾಗ!"

ಜಾಲಿ ಮರದ ಕೆಳಗೆ ಹತ್ತು ಹನ್ನೆರಡು ಮಂದಿ ಕೂತಿದ್ದರು. ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು, ಸುಣ್ಣ ಬಳಿದು ಪೂಜೆ ಮಾಡಿದ್ದರು. ಹೊಲದ ಸುತ್ತ ಚರಗ ಚೆಲ್ಲಿ ಮುಗಿದಿತ್ತು. ಫಸಲು ಹೊತ್ತು ನಿಂತ ಭೂಮಿತಾಯಿಗೆ ಮೊದಲ ತುತ್ತು, ಆಮೇಲೆ ಮನುಷ್ಯರಿಗೆ. ಸೈಕಲ್ ರಿಪೇರಿಯ ಮಾತೆತ್ತಿದರೆ ಯಾರೂ ಕೇಳಲು ತಯಾರಿರಲಿಲ್ಲ. "ಇಂಥಾ ದಿನ ನಮ್ಮ ಹೊಲದ ಮುಂದ ಹಸಗೊಂಡು ಹೋಗಬಾರ್ದ್ರಿ, ಮೊದ್ಲ ಉಣ್ರಿ," ಎಂದು ಹಿರಿಯರೊಬ್ಬರು ಕೈ ಹಿಡಿದು ಕೂಡಿಸಿದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಅಗಸಿ ಚಟ್ನಿ, ಶೇಂಗಾ ಹೋಳಿಗೆ, ಕೆನೆ ಮೊಸರು. ಬಡಿಸುತ್ತಿದ್ದ ಸೊಸೆ, "ಅಣ್ಣಾರ, ಇನ್ನೊಂದು ಹೋಳಿಗಿ," ಎನ್ನುತ್ತಲೇ ಇದ್ದಳು. ಚೀಲದಲ್ಲಿ ನಾನು ತಂದಿದ್ದು ಎರಡು ಬಿಸ್ಕತ್ತಿನ ಪೊಟ್ಟಣ. ಎಷ್ಟು ಹಸಿದಿದ್ದೆನೆಂಬುದು ಮೊದಲ ತುತ್ತು ಇಳಿದ ಮೇಲೆಯೇ ಗೊತ್ತಾಯಿತು.

ಊಟವಾದ ಕೂಡಲೇ ಎದ್ದೆ. ಹೊತ್ತು ಎರಡು ಗಂಟೆ. ಹಿರಿಯರು ಮತ್ತೆ ಕೈ ಹಿಡಿದರು. "ಮಧ್ಯಾಹ್ನ ಆತಂದ್ರ ನಾವು ಎತ್ತಿನ ಕೊಳ್ಳ ಹರೀತೀವ್ರಿ. ನೆರಳಿಗೆ ಕಟ್ಟಿ, ನೀರು ಕುಡಿಸಿ, ಬಿಸಲು ಇಳದ ಮ್ಯಾಲೆ ಮತ್ತ ಹೂಡತೀವಿ. ಎತ್ತಿಗೆ ಬ್ಯಾಡಾದ ಹೊತ್ತು ಮನಷ್ಯಾಗ ಯಾಕ ಬೇಕ್ರಿ?"

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ದಿನವನ್ನು ನಾನು ಕಿಲೋಮೀಟರುಗಳಲ್ಲಿ ಕತ್ತರಿಸಿಕೊಂಡಿದ್ದೆ. ಈ ಸೀಮೆಯಲ್ಲಿ ಮೈ ಮುರಿದು ದುಡಿಯುವವರೆಲ್ಲ ಅದನ್ನು ಹೊತ್ತಿನಲ್ಲಿ ಕತ್ತರಿಸುತ್ತಾರೆ: ನಸುಕಿಗೆ ಏಳುವುದು, ಬಿಸಿಲೇರುವ ಮೊದಲು ಅರ್ಧ ಕೆಲಸ, ನಡುಹಗಲು ನೆರಳು, ಇಳಿಹೊತ್ತಿಗೆ ಉಳಿದದ್ದು. ಗಾಳಿಯೂ ಬಿಸಿಲೂ ಹಾಗೆಯೇ ನಡೆಯುತ್ತವೆ. ನಾನೊಬ್ಬನೇ ಅದಕ್ಕೆ ವಿರುದ್ಧ ತುಳಿದಿದ್ದೆ. ಮಲಗಿದೆ.

ಎದ್ದಾಗ ಹಿರಿಯರ ಮಗ ನನ್ನ ಸೈಕಲ್ಲಿನ ಮುಂದೆ ಕೂತಿದ್ದ. ಊರಿನ ಸೈಕಲ್ ಪಂಪು ತಂದಿದ್ದ. ನನ್ನ ಟ್ಯೂಬಿನ ಸಣ್ಣ ಕತ್ತಿನ ವಾಲ್ವಿಗೆ ಅದು ಕೂರಲಿಲ್ಲ. ಪುಣ್ಯಕ್ಕೆ ನನ್ನ ಚೀಲದಲ್ಲಿದ್ದ ಬದಲಿ ಟ್ಯೂಬಿನದು ಮೋಟಾರ್ ಬೈಕಿಗೆ ಇರುವಂಥದೇ ದಪ್ಪ ವಾಲ್ವ್. ಟ್ರ್ಯಾಕ್ಟರಿನ ಡಬ್ಬಿಯಲ್ಲಿದ್ದ ಪಂಪು ಅದಕ್ಕೆ ಸರಿಹೋಯಿತು. ಈಗ ಎರಡೂ ಗಾಲಿಗೆ ಅದೇ ಬಗೆಯ ಟ್ಯೂಬ್ ಹಾಕಿಸಿದ್ದೇನೆ. ಹಳ್ಳಿಗಳ ಮೇಲೆ ಹೋಗುವವರು ಸೈಕಲ್ಲಿನ ತೂಕಕ್ಕಿಂತ ಮೊದಲು ಇದನ್ನು ನೋಡಿಕೊಳ್ಳಬೇಕು.

ಹೊರಡುವಾಗ ಹಿರಿಯರು ಕಾಲುವೆಯ ದಂಡೆಯವರೆಗೆ ಬಂದರು. ನವಿಲುತೀರ್ಥದ ಅಣೆಕಟ್ಟಿನಿಂದ ಬರುವ ಮಲಪ್ರಭೆಯ ಕಾಲುವೆ. "ಇದರ ಸಲುವಾಗೇ 80ರಾಗ ಗುಂಡು ಬಿದ್ದದ್ದು. ನಾನೂ ಆ ಮಂದ್ಯಾಗ ಇದ್ದೆ," ಎಂದರು. ಅಷ್ಟೇ ಹೇಳಿದರು. ನೀರು ಸರಿಯಾಗಿ ತಲುಪದ ಹೊಲಗಳಿಗೂ ಅಭಿವೃದ್ಧಿ ಕರ ಹೇರಿದ್ದನ್ನು ವಿರೋಧಿಸಿ 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಸೇರಿದ ರೈತರ ಮೇಲೆ ಗೋಲಿಬಾರ್ ಆಯಿತು. ರಾಜ್ಯ ರೈತ ಸಂಘ ಹುಟ್ಟಿದ್ದು ಅದರ ಬೆನ್ನಿಗೇ. ನನಗೆ ಇದೆಲ್ಲ ಓದಿ ಗೊತ್ತಿತ್ತು. ಆದರೆ ಆ ಮಂದಿಯಲ್ಲಿ ಒಬ್ಬರ ಕೈಯಿಂದ ರೊಟ್ಟಿ ಇಸಿದುಕೊಂಡು ಉಂಡ ಮೇಲೆ ನರಗುಂದದ ಹುತಾತ್ಮ ರೈತರ ವೀರಗಲ್ಲಿನ ಮುಂದೆ ಸೈಕಲ್ ನಿಲ್ಲಿಸದೆ ದಾಟಲಾಗಲಿಲ್ಲ.

ಅಷ್ಟೊತ್ತಿಗೆ ಗಾಳಿ ಬಿದ್ದಿತ್ತು. ಮಧ್ಯಾಹ್ನವಿಡೀ ಹತ್ತಿರ ಬರದ ನರಗುಂದದ ಗುಡ್ಡ ನೋಡನೋಡುತ್ತಲೇ ಹಿಂದೆ ಸರಿಯಿತು. ಕುಳಗೇರಿ ಕ್ರಾಸಿಗೆ ಕತ್ತಲಾಯಿತು, ಅಮಾವಾಸ್ಯೆಯ ಕತ್ತಲು. ಬಾದಾಮಿಯ ಕಡೆ ಹೊರಳಿದ ಮೇಲೆ ಒಂದೆಡೆ ಅರ್ಧ ರಸ್ತೆಗೆ ಮೆಕ್ಕೆಜೋಳ ಹರವಿ, ಅಂಚಿಗೆ ತಲೆ ಗಾತ್ರದ ಕಲ್ಲುಗಳನ್ನು ಇಟ್ಟಿದ್ದರು. ನನ್ನ ದೀಪಕ್ಕೆ ಅವು ಕಂಡದ್ದು ಹತ್ತು ಮಾರು ಇರುವಾಗ. ಬೆಳಿಗ್ಗೆಯಾಗಿದ್ದರೆ ಬೈದುಕೊಳ್ಳುತ್ತಿದ್ದೆ. ಈಗ ಇಂಥವರದೇ ಅನ್ನ ಉಂಡು ಬಂದಿದ್ದೆ. ಇಳಿದು ತಳ್ಳಿಕೊಂಡು ನಡೆದೆ. ಕಾಳು ಒಣಗಿಸಲು ಕಣವಿಲ್ಲದವರಿಗೆ ಡಾಂಬರೇ ಕಣ. ಬಾದಾಮಿ ಸೇರಿದಾಗ ರಾತ್ರಿ ಎಂಟೂವರೆ.

ಮರುದಿನ ಬನಶಂಕರಿಗೆ ಹೋಗಿಬಂದು, ಮೂರನೆಯ ದಿನ ನಸುಕಿನ ಐದಕ್ಕೆ ವಾಪಸು ಹೊರಟೆ. ಹನ್ನೊಂದೂವರೆಗೆ ಒಂದು ಗುಡಿಯ ಕಟ್ಟೆಯ ಮೇಲೆ ಮಲಗಿ, ಮೂರಕ್ಕೆ ಎದ್ದು, ಬೆನ್ನಿಗೆ ಗಾಳಿ ಹಾಕಿಕೊಂಡು ಹೊತ್ತು ಮುಳುಗುವ ಮೊದಲು ಹುಬ್ಬಳ್ಳಿಯಲ್ಲಿದ್ದೆ.

ನೀವೂ ಸೈಕಲ್ಲಿನಲ್ಲಿ ಆ ಕಡೆ ಹೋಗುವುದಾದರೆ ಒಂದು ವಿನಂತಿ. ರಸ್ತೆಯ ಮೇಲೆ ಕಾಳು ಹರವಿದ್ದು ಕಂಡರೆ ಅದರ ಮೇಲೆ ಗಾಲಿ ಹಾಯಿಸಬೇಡಿ. ಇಳಿದು ಬದಿಗೆ ತಳ್ಳಿಕೊಂಡು ನಡೆಯಿರಿ.