ಕೆಂಪು ದೀಪ ಹೊತ್ತಿದಾಗ



ಎರಡು ವರ್ಷಗಳ ಹಿಂದೆ ಒಂದು ಸಂಜೆ ಬೆಂಗಳೂರಿನಿಂದ ಮಂಡ್ಯಕ್ಕೆ ಬಾಡಿಗೆ ಕಾರಿನಲ್ಲಿ ಬರುತ್ತಿದ್ದೆ. ಕಾರು ನಮ್ಮ ಧರ್ಮಕೇಂದ್ರದ ಯುವಕನೊಬ್ಬನದು. ಸಾಲ ಮಾಡಿ ಕೊಂಡದ್ದು. ಅವನ ಮನೆ ನಡೆಯುತ್ತಿದ್ದುದು ಅದರಿಂದಲೇ. ಮದ್ದೂರು ದಾಟಿ ಹನಕೆರೆ ಹತ್ತಿರವಾಗುತ್ತಿದ್ದಾಗ ಸ್ಟಿಯರಿಂಗಿನ ಮುಂದೆ ಎಣ್ಣೆ ಕುಡಿಕೆಯ ಚಿತ್ರವಿರುವ ಕೆಂಪು ದೀಪ ಹೊತ್ತಿಕೊಂಡಿತು.

“ಏನ್ ಮಾಡ್ಲಿ ಫಾದರ್, ನಿಲ್ಲುಸ್ಲಾ?” ಎಂದು ಕೇಳಿದ.

ಸಂಜೆಯ ಬಲಿಪೂಜೆಗೆ ನನಗೆ ತಡವಾಗಿತ್ತು. “ಇನ್ನೇನು ಮಂಡ್ಯ ಬಂತಲ್ಲಪ್ಪ, ನಿಧಾನವಾಗಿ ಹೋಗೋಣ” ಎಂದೆ. ಎರಡು ಮೂರು ಕಿಲೋಮೀಟರಿನೊಳಗೆ ಎಂಜಿನ್ನಿನಿಂದ ಟಕಟಕ ಸದ್ದು ಬಂತು. ಆಮೇಲೆ ಎಂಜಿನ್ ಬಿಗಿದುಕೊಂಡು ನಿಂತೇಬಿಟ್ಟಿತು. ಯಾವುದೋ ಹಂಪಿಗೆ ತಳ ಬಡಿದು ಆಯಿಲ್ ಚೇಂಬರ್ ಸೀಳಿತ್ತು. ಎಣ್ಣೆ ದಾರಿಯುದ್ದಕ್ಕೂ ಸೋರಿಹೋಗಿತ್ತು. ದೀಪ ಕಂಡ ಕೂಡಲೇ ನಿಲ್ಲಿಸಿದ್ದರೆ ಚೇಂಬರಿನ ರಿಪೇರಿ, ಹೊಸ ಎಣ್ಣೆ, ಅಷ್ಟರಲ್ಲೇ ಮುಗಿಯುತ್ತಿತ್ತು. ಈಗ ಇಡೀ ಎಂಜಿನ್ ಬಿಚ್ಚಬೇಕಾಯಿತು. ಖರ್ಚಿನಲ್ಲಿ ನನ್ನ ಪಾಲು ಕೊಟ್ಟೆ. ಆದರೆ ಅವನ ದುಡಿಮೆ ನಿಂತುಹೋದ ವಾರಗಳನ್ನು ಹಿಂದಕ್ಕೆ ಕೊಡಲಾಗಲಿಲ್ಲ. ಅವಸರ ನನ್ನದು, ನಷ್ಟ ಅವನದು. ಆದುದರಿಂದ ಈ ವಾರ ಆ ಪುಟ್ಟ ದೀಪದ ವಿಷಯವನ್ನೇ ಅಭ್ಯಾಸ ಮಾಡೋಣ.

ದೀಪ ಹೇಳುವುದೇನು?

ಎಂಜಿನ್ನಿನ ತಳದ ಚೇಂಬರಿನಲ್ಲಿ ಎಣ್ಣೆ ನಿಂತಿರುತ್ತದೆ. ಪಂಪು ಅದನ್ನು ಮೇಲೆತ್ತಿ, ಫಿಲ್ಟರಿನಲ್ಲಿ ಹಾಯಿಸಿ, ಸಣ್ಣ ಸಣ್ಣ ದಾರಿಗಳ ಮೂಲಕ ತಿರುಗುವ ಭಾಗಗಳಿಗೆ ಒತ್ತಡದಿಂದ ತಲುಪಿಸುತ್ತದೆ. ನಮ್ಮ ಸೀಮೆಯವರಿಗೆ ಇದನ್ನು ತಿಳಿಸುವುದು ಸುಲಭ. ಕನ್ನಂಬಾಡಿ ಕಟ್ಟೆಯಲ್ಲಿ ನೀರು ತುಂಬಿದ್ದರೆ ಸಾಕೇ? ಅದು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು, ತೂಬು ದಾಟಿ ಗದ್ದೆಗೆ ಬಂದರೆ ತಾನೇ ಬೆಳೆ? ಹಾಗೆಯೇ ಈ ಕೆಂಪು ದೀಪ ಎಣ್ಣೆ ಎಷ್ಟಿದೆ ಎಂದು ಹೇಳುವುದಿಲ್ಲ. ಎಣ್ಣೆಗೆ ಇರಬೇಕಾದ ಒತ್ತಡ ಇಲ್ಲ ಎಂದು ಹೇಳುತ್ತದೆ. ಎಣ್ಣೆ ತುಂಬಿದ್ದಾಗಲೂ ದೀಪ ಹೊತ್ತಬಹುದು.

ಎಂಜಿನ್ ನಿಮಿಷಕ್ಕೆ 2,500 ಸುತ್ತು ತಿರುಗುತ್ತಿದ್ದರೆ ಒಂದು ಸೆಕೆಂಡಿಗೆ 40ಕ್ಕೂ ಹೆಚ್ಚು ಸುತ್ತು. ಅಷ್ಟು ವೇಗದಲ್ಲಿ ಕ್ರ್ಯಾಂಕ್‌ಶಾಫ್ಟ್ ಮತ್ತು ಅದರ ಬೇರಿಂಗುಗಳ ನಡುವೆ ಇರುವುದು ಎಣ್ಣೆಯ ತೆಳುಪದರ ಮಾತ್ರ. ಒತ್ತಡ ಹೋದರೆ ಪದರ ಹರಿದು ಲೋಹಕ್ಕೆ ಲೋಹ ಉಜ್ಜುತ್ತದೆ, ಕಾಯುತ್ತದೆ, ಕೊನೆಗೆ ಕಚ್ಚಿಕೊಳ್ಳುತ್ತದೆ. ಒತ್ತಡ ತೀರಾ ಕುಸಿದ ಮೇಲೆಯೇ ದೀಪ ಹೊತ್ತುವುದೆಂಬುದನ್ನೂ ನೆನಪಿಡಿ. ಪೆಟ್ರೋಲ್ ದೀಪ ಹೊತ್ತಿದ ಮೇಲೂ ಒಂದಿಷ್ಟು ದೂರ ಹೋಗಬಹುದು. ಈ ದೀಪಕ್ಕೆ ಅಂಥ ವಾಯಿದೆ ಇಲ್ಲ.

ಕಾರಣಗಳು ಹಲವು: ಸೋರಿಕೆ, ಎಂಜಿನ್ ಎಣ್ಣೆ ಸುಡುವುದು, ಪಂಪಿನ ದೋಷ, ಪಂಪಿನ ಜಾಲರಿಗೆ ಕಟ್ಟಿದ ಜಿಡ್ಡು, ತಪ್ಪು ದರ್ಜೆಯ ಎಣ್ಣೆ, ಸವೆದ ಬೇರಿಂಗು. ಕೆಲವೊಮ್ಮೆ ಒತ್ತಡ ನೋಡುವ ಸ್ವಿಚ್ಚೇ ಕೆಟ್ಟಿರಬಹುದು. ಗುರುಮಠದ ತರ್ಕಶಾಸ್ತ್ರದ ತರಗತಿಯಲ್ಲಿ ಸೂಚನೆ ಬೇರೆ, ಕಾರಣ ಬೇರೆ ಎಂದು ಕಲಿತಿದ್ದೆ. ಸೂಚನೆ ಕಂಡ ಕೂಡಲೇ ನಿಲ್ಲಿಸಬೇಕು. ಕಾರಣವನ್ನು ಆಮೇಲೆ ಹುಡುಕಬೇಕು. “ವೈರ್ ಲೂಸ್ ಆಗಿರಬೇಕು” ಎಂದು ಓಡುತ್ತಲೇ ತೀರ್ಮಾನಿಸುವುದು ಜೂಜು.

ಮಾಡಬೇಕಾದದ್ದು

1. ಆಕ್ಸಿಲರೇಟರಿನಿಂದ ಕಾಲು ತೆಗೆದು, ಎಡಗಡೆಯ ಸಿಗ್ನಲ್ ಹಾಕಿ, ರಸ್ತೆಯ ಅಂಚಿಗೆ ಬಂದು ನಿಲ್ಲಿಸಿ. ನಿಂತ ಕೂಡಲೇ ಎಂಜಿನ್ ಆರಿಸಿ. ಓಡುತ್ತಿರುವಾಗ ಕೀ ತಿರುಗಿಸಬೇಡಿ; ಬ್ರೇಕೂ ಸ್ಟಿಯರಿಂಗೂ ಗಡುಸಾಗುತ್ತವೆ.

2. ನಾಲ್ಕೂ ಸಿಗ್ನಲ್ ದೀಪ ಮಿನುಗಲಿ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯಲ್ಲಿ ವಾಹನಗಳು ಬಹಳ ವೇಗವಾಗಿ ಬರುತ್ತವೆ. ಮಕ್ಕಳು, ಹಿರಿಯರು ಎಡಗಡೆಯ ಬಾಗಿಲಿನಿಂದ ಇಳಿದು ತಡೆಬೇಲಿಯ ಆಚೆ ನಿಲ್ಲಲಿ. ಪ್ರತಿಫಲಿಸುವ ತ್ರಿಕೋನವನ್ನು ಕಾರಿನ ಹಿಂದೆ ಸಾಕಷ್ಟು ದೂರದಲ್ಲಿ ಇಡಿ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033.

3. ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎನ್ನುವ ಅಳತೆಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಅದ್ದಿ ನೋಡಿ. ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಕಾರಿನ ಕೆಳಗೆ ತೊಟ್ಟಿಕ್ಕುತ್ತಿದೆಯೇ ಎಂದೂ ನೋಡಿ.

4. ಎಣ್ಣೆ ಕಡಿಮೆಯಿದ್ದು ಸೋರಿಕೆ ಕಾಣದಿದ್ದರೆ, ಸರಿಯಾದ ದರ್ಜೆಯ ಎಣ್ಣೆಯನ್ನು ಮೇಲಿನ ಗುರುತು ಮೀರದಂತೆ ಹಾಕಿ ಎಂಜಿನ್ ಚಾಲೂ ಮಾಡಿ. ಕೆಲವು ಸೆಕೆಂಡುಗಳಲ್ಲಿ ದೀಪ ಆರಿ, ಬೇರೆ ಸದ್ದಿಲ್ಲದಿದ್ದರೆ ನಿಧಾನವಾಗಿ ಹತ್ತಿರದ ಮೆಕ್ಯಾನಿಕ್ ಬಳಿಗೆ ಹೋಗಿ.

5. ಎಣ್ಣೆ ಸರಿಯಿದ್ದೂ ದೀಪ ಆರದಿದ್ದರೆ, ಅಥವಾ ಎಣ್ಣೆ ಸೋರುತ್ತಿದ್ದರೆ, ಮತ್ತೆ ಚಾಲೂ ಮಾಡಲೇಬೇಡಿ. ಟೋ ಮಾಡಿಸಿ. ಟೋ ಮಾಡಿಸುವ ದುಡ್ಡು ಹೊಸ ಎಂಜಿನ್ನಿನ ದುಡ್ಡಿನ ಮುಂದೆ ಏನೇನೂ ಅಲ್ಲ.

ಕೀ ತಿರುಗಿಸಿದಾಗ ಈ ದೀಪ ಹೊತ್ತಿ, ಎಂಜಿನ್ ಚಾಲೂ ಆದ ಮೇಲೆ ಆರಬೇಕು. ಮೊದಲಿಗೇ ಹೊತ್ತದಿದ್ದರೆ ಕಾರು ಚೆನ್ನಾಗಿದೆ ಎಂದಲ್ಲ. ಎಚ್ಚರಿಸುವವನೇ ಮಲಗಿದ್ದಾನೆ ಎಂದು ತಿಳಿಯಿರಿ. ದೂರದ ಪ್ರಯಾಣಕ್ಕೆ ಮೊದಲು ಅಳತೆಕಡ್ಡಿ ನೋಡುವುದಕ್ಕೆ ಎರಡು ನಿಮಿಷ ಸಾಕು.

ಕೊನೆಯದಾಗಿ, ಕಾರು ಇಲ್ಲದವರಿಗೂ ಒಂದು ಮಾತು. ಮದುವೆಗೆ, ಆಸ್ಪತ್ರೆಗೆ, ವೇಲಾಂಕಣಿ ಯಾತ್ರೆಗೆ ನಾವು ಬಾಡಿಗೆ ಕಾರು ಮಾಡುತ್ತೇವೆ. ದೀಪ ಹೊತ್ತಿದ್ದನ್ನು ಚಾಲಕ ಕಂಡಿರುತ್ತಾನೆ. ಆದರೆ ಹಿಂದೆ ಕುಳಿತವರ ಮುಖ ನೋಡಿ ನಿಲ್ಲಿಸಲು ಅಂಜುತ್ತಾನೆ. ಆಗ ನಾನು ಹೇಳದೆ ಹೋದ ಮಾತನ್ನು ನೀವು ಹೇಳಿ: “ನಿಲ್ಲಿಸಪ್ಪ, ತಡವಾದರೆ ಆಗಲಿ.”

ಮನೆಮಂದಿ ಕುಳಿತು ಉತ್ತರಿಸಿ:

1. ಎಣ್ಣೆ ತುಂಬಿದ್ದರೂ ಕೆಂಪು ದೀಪ ಏಕೆ ಹೊತ್ತಬಹುದು?

2. ನಮ್ಮ ವಾಹನದ ಅಳತೆಕಡ್ಡಿಯನ್ನು ಕೊನೆಯ ಸಲ ನೋಡಿದ್ದು ಯಾವಾಗ?

3. ನಮ್ಮ ಅವಸರಕ್ಕಾಗಿ ಬೇರೊಬ್ಬರು ನಷ್ಟ ಅನುಭವಿಸಿದ್ದುಂಟೇ?