ಬಿಸಿಯಾದ ಬೈಕು ಏಕೆ ಸ್ಟಾರ್ಟ್ ಆಗುವುದಿಲ್ಲ?

ನಮ್ಮೂರಿನಲ್ಲಿ ಹಳೇ ಬೈಕು ಇರುವವರು ಬಹಳ ಮಂದಿ. ಬೆಳಿಗ್ಗೆ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುವ ಬೈಕು ಹತ್ತು ಹದಿನೈದು ಕಿಲೋಮೀಟರ್ ಓಡಿ ನಿಂತ ಮೇಲೆ ಎಷ್ಟು ಒದ್ದರೂ ಏಳುವುದಿಲ್ಲ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಇದನ್ನು ನೀವೂ ನೋಡಿರಬಹುದು. "ಇಂಜಿನ್ನಿಗೆ ಸುಸ್ತಾಗಿದೆ, ಸ್ವಲ್ಪ ರೆಸ್ಟ್ ಕೊಡಬೇಕು" ಅಂತ ದೊಡ್ಡವರು ಹೇಳ್ತಾರೆ. ಆದರೆ ಕಬ್ಬಿಣಕ್ಕೆ ಸುಸ್ತು ಎಲ್ಲಿಂದ ಬರಬೇಕು? ಬಿಸಿಯಾದಾಗ ಯಾವುದೋ ಒಂದು ಭಾಗ ಬದಲಾಗುತ್ತದೆ, ತಣ್ಣಗಾದಾಗ ಮೊದಲಿನಂತೆ ಆಗುತ್ತದೆ. ಆ ಭಾಗ ಯಾವುದು ಅಂತ ಹುಡುಕುವುದು ಹೇಗೆಂದು ಬರೆದಿದ್ದೇನೆ.

ಪೆಟ್ರೋಲ್ ಇಂಜಿನ್ ಸ್ಟಾರ್ಟ್ ಆಗಲು ಮೂರು ಬೇಕು. ಸರಿಯಾದ ಪ್ರಮಾಣದಲ್ಲಿ ಪೆಟ್ರೋಲ್ ಮತ್ತು ಗಾಳಿ, ಅದನ್ನು ಪಿಸ್ಟನ್ ಒತ್ತಿ ಹಿಡಿಯುವ ಕಂಪ್ರೆಷನ್, ಆಮೇಲೆ ಪ್ಲಗ್ಗಿನಲ್ಲಿ ಕಿಡಿ. ಮೂರರಲ್ಲಿ ಒಂದು ಇಲ್ಲದಿದ್ದರೂ ಕಾಲು ನೋವಷ್ಟೇ ಲಾಭ.

ನನಗೆ ಆಶ್ಚರ್ಯ ಆದದ್ದು ಏನೆಂದರೆ, ಬೈಕು ಓಡುವಾಗಿಗಿಂತ ನಿಲ್ಲಿಸಿದ ಮೇಲೆ ಕೆಲವು ಭಾಗಗಳು ಇನ್ನೂ ಹೆಚ್ಚು ಬಿಸಿಯಾಗುತ್ತವೆ. ಓಡುವಾಗ ಇಂಜಿನ್ನಿನ ರೆಕ್ಕೆಗಳ ಮೇಲೆ ಗಾಳಿ ಬಡಿದು ಶಾಖವನ್ನು ಒಯ್ಯುತ್ತದೆ. ನಿಂತಾಗ ಗಾಳಿ ಇಲ್ಲ. ಒಳಗಿನ ಶಾಖ ನಿಧಾನವಾಗಿ ಕಾರ್ಬುರೇಟರಿಗೂ ಮ್ಯಾಗ್ನೆಟ್ಟಿಗೂ ಹರಿಯುತ್ತದೆ. ಒಲೆ ಆರಿಸಿದ ಮೇಲೂ ಪಾತ್ರೆಯ ಹಿಡಿ ಕಾಯುತ್ತಾ ಹೋಗುತ್ತಲ್ಲ, ಹಾಗೆ. ಅದಕ್ಕೇ ಟೀ ಕುಡಿಯಲು ಐದು ನಿಮಿಷ ನಿಲ್ಲಿಸಿದಾಗಲೇ ಈ ತೊಂದರೆ ಬರುವುದು.

ಮೊದಲು ಪೆಟ್ರೋಲ್ ವಿಷಯ. ನೀರಿನ ಹಾಗೆ ಪೆಟ್ರೋಲ್ ಒಂದೇ ಉಷ್ಣತೆಯಲ್ಲಿ ಕುದಿಯುವುದಿಲ್ಲ. ಅದರಲ್ಲಿರುವ ಹಗುರ ಭಾಗ ಸುಮಾರು 40 ಡಿಗ್ರಿ ಸೆಲ್ಸಿಯಸ್ ಹತ್ತಿರವೇ ಆವಿಯಾಗಲು ಶುರುವಾಗುತ್ತದೆ. ಕಾರ್ಬುರೇಟರಿನ ಬಟ್ಟಲು ಕಾದರೆ ಪೆಟ್ರೋಲ್ ಉಕ್ಕಿ ಇಂಜಿನ್ ಒಳಕ್ಕೆ ಇಳಿದು ಪ್ಲಗ್ ನೆನೆಯುತ್ತದೆ. ಆಗ ಚೋಕ್ ಎಳೆದರೆ ಇನ್ನೂ ಕೆಟ್ಟಿತು. ಪೆಟ್ರೋಲ್ ಕಾಕ್ ಮುಚ್ಚಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಏಳೆಂಟು ಕಿಕ್ ಹೊಡೆದರೆ ಗಾಳಿ ನುಗ್ಗಿ ಹೆಚ್ಚಿನ ಪೆಟ್ರೋಲ್ ಹೊರಗೆ ಹೋಗುತ್ತದೆ. ಇನ್ನೊಂದು ಸುಲಭದ ಪರೀಕ್ಷೆ ಟ್ಯಾಂಕಿನ ಮುಚ್ಚಳ. ಅದರಲ್ಲಿ ಗಾಳಿ ಹೋಗಲು ಸಣ್ಣ ತೂತು ಇರುತ್ತದೆ. ಧೂಳು ಕಟ್ಟಿಕೊಂಡರೆ ಟ್ಯಾಂಕಿನಿಂದ ಪೆಟ್ರೋಲ್ ಇಳಿಯುವುದಿಲ್ಲ. ಬೈಕು ನಿಂತ ಕೂಡಲೇ ಮುಚ್ಚಳ ತೆಗೆದರೆ 'ಸುಸ್' ಅಂತ ಶಬ್ದ ಬಂದರೆ ಅದೇ ಕಾರಣ. ಹತ್ತಿರ ಬೀಡಿ ಸೇದುವವರು ಇರಬಾರದು.

ಎರಡನೆಯದು ವಾಲ್ವ್. ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವಾಗ ಕಾಯಿಸಿ ಹಾಕುತ್ತಾರೆ, ಕಾದರೆ ಕಬ್ಬಿಣ ಹಿಗ್ಗುತ್ತದೆ ಅಂತ ಉಷ್ಣದ ಪಾಠದಲ್ಲಿ ಓದಿದ್ದೇವೆ. ಹಾಗೇ ಕಾದ ವಾಲ್ವ್ ಉದ್ದವಾಗುತ್ತದೆ. ಅದಕ್ಕೆಂದು ಬಿಟ್ಟಿರುವ ಸಂದು ಹೆಚ್ಚುಕಮ್ಮಿ ಒಂದು ತಲೆಕೂದಲಿನ ದಪ್ಪ ಮಾತ್ರ. ಆ ಸಂದು ಇಲ್ಲದಿದ್ದರೆ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರುತ್ತದೆ. ಕಿಕ್ ಹಗುರವಾಗಿ ಕೆಳಗೆ ಹೋದರೆ ಇದನ್ನು ಅನುಮಾನಿಸಬೇಕು.

ಮೂರನೆಯದು ಕಿಡಿ. ಇದೇ ನಮ್ಮ ಮನೆಯ ಬೈಕಿನ ಕಥೆ, ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಮ್ಮ ಅಪ್ಪ ವಾರಕ್ಕೆ ನಾಲ್ಕು ದಿನ ಕೊತ್ತಂಬರಿ, ಮೆಂತ್ಯ, ಸಬ್ಬಸಿಗೆ ಸೊಪ್ಪು ಕಟ್ಟಿಕೊಂಡು 22 ಕಿಲೋಮೀಟರ್ ದೂರದ ಪೇಟೆಗೆ ಹೋಗ್ತಾರೆ. ದಾರಿಯಲ್ಲಿ ರೈಲ್ವೆ ಗೇಟು. ಗೇಟು ಹಾಕಿದಾಗ ಬೈಕು ಆಫ್ ಮಾಡಿದರೆ ಮುಗೀತು. ರೈಲು ಹೋಗಿ ಎಲ್ಲರೂ ಹೋದ ಮೇಲೂ ಅಪ್ಪ ಅಲ್ಲೇ ಒದೀತಾ ಇರ್ತಿದ್ದರು. ಆರು ಗಂಟೆಗೆ 8 ರೂಪಾಯಿಗೆ ಹೋಗುವ ಕಟ್ಟನ್ನು ಎಂಟು ಗಂಟೆಗೆ 3 ರೂಪಾಯಿಗೂ ಕೇಳುವವರಿಲ್ಲ. ಎರಡು ಸಲ ಸೊಪ್ಪು ಬಾಡಿ ವಾಪಸ್ ಬಂದು ದನಕ್ಕೆ ಹಾಕಿದೆವು. ಪೇಟೆಯ ಒಂದು ಗ್ಯಾರೇಜಿನಲ್ಲಿ ಕಾರ್ಬುರೇಟರ್ ಎರಡು ಸಲ ತೊಳೆದರು, ಪ್ಲಗ್ ಹೊಸದು ಹಾಕಿದರು. ಆಮೇಲೆ ಇಂಜಿನ್ ಬಿಚ್ಚಿ ಬೋರ್ ಮಾಡಿಸಬೇಕು, 7 ಸಾವಿರ ಆಗುತ್ತೆ ಅಂದರು. ಗುಜರಿಯವನು 5 ಸಾವಿರಕ್ಕೆ ಕೇಳಿದ. ಅಪ್ಪ ಕೊಟ್ಟೇಬಿಡುವ ಮನಸ್ಸು ಮಾಡಿದ್ದರು.

ನಮ್ಮ ಮಾವ ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡುವವರು. ಅವರು ಬಂದು, "ಭಾವ, ಗುಜರಿಗೆ ಆಮೇಲೆ ಹಾಕುವಿರಂತೆ. ತಣ್ಣಗಿರುವಾಗ ನೋಡಿದ್ರೆ ಏನು ಸಿಗುತ್ತೆ? ಕೆಟ್ಟಾಗಲೇ ನೋಡಬೇಕು" ಅಂದರು. ಇದು ಸರಿಯಾದ ಮಾತು ಅಂತ ನನಗೆ ಆಮೇಲೆ ಹೊಳೆಯಿತು. ಕಾರ್ಬುರೇಟರ್ ಬಿಚ್ಚಿ ತೊಳೆದು ಹಾಕಲು ಅರ್ಧ ಗಂಟೆ ಹಿಡಿಯುತ್ತೆ. ಅಷ್ಟರಲ್ಲಿ ಬೈಕು ತಣ್ಣಗಾಗಿ ತಾನೇ ಸ್ಟಾರ್ಟ್ ಆಗುತ್ತೆ. ತೊಳೆದದ್ದರಿಂದಲೇ ಸರಿಹೋಯಿತು ಅಂತ ಎಲ್ಲರೂ ನಂಬುತ್ತಾರೆ! ಪ್ಲಗ್ ನೆನೆದಿತ್ತು ಅನ್ನುವುದೂ ಸಾಕ್ಷಿಯಲ್ಲ. ಕಿಡಿ ಇಲ್ಲದೆ ಇಪ್ಪತ್ತು ಸಲ ಒದ್ದರೆ ಸುಡದೆ ಉಳಿದ ಪೆಟ್ರೋಲಿನಿಂದ ಯಾವ ಪ್ಲಗ್ಗಾದರೂ ನೆನೆಯುತ್ತದೆ.

ಒಂದು ಸಂಜೆ ಮಬ್ಬಿನಲ್ಲಿ ಮಾವ, ಅಪ್ಪ, ನಾನು ಗೇಟಿನವರೆಗೆ ಹೋಗಿ ಬೇಕೆಂತಲೇ ಬೈಕು ಆಫ್ ಮಾಡಿದೆವು. ಹತ್ತು ನಿಮಿಷ ಬಿಟ್ಟು ಒದ್ದರೆ, ಇಲ್ಲ. ಮುಚ್ಚಳ ತೆಗೆದರೆ ಶಬ್ದ ಬರಲಿಲ್ಲ. ಕಿಕ್ ಎಂದಿನಂತೆ ಗಟ್ಟಿಯಾಗಿಯೇ ಇತ್ತು. ಮಾವ ಇಂಜಿನ್ನಿನ ಪ್ಲಗ್ಗನ್ನು ಬಿಚ್ಚದೆ, ಕ್ಯಾಪನ್ನು ಮಾತ್ರ ಕಿತ್ತು ಬೇರೆ ಪ್ಲಗ್ಗಿಗೆ ಸಿಕ್ಕಿಸಿ, ಅದನ್ನು ಇಂಜಿನ್ನಿನ ರೆಕ್ಕೆಗೆ ತಾಗಿಸಿ ಹಿಡಿದರು. ಬಿಚ್ಚಿದರೆ ತೂತಿನಿಂದ ಪೆಟ್ರೋಲ್ ಆವಿ ಚಿಮ್ಮಿ ಕಿಡಿ ತಗುಲಿ ಬೆಂಕಿ ಹತ್ತಬಹುದು. ಅಲ್ಲಿ ಸಾವಿರಾರು ವೋಲ್ಟ್ ಬರುತ್ತದೆ, ನಾವು ಮಕ್ಕಳು ಮುಟ್ಟಬಾರದು. ಅಪ್ಪ ಒದ್ದರು. ಕಿಡಿಯೇ ಇಲ್ಲ.

1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ತತ್ವ ಇಲ್ಲಿದೆ. ತಂತಿಸುರುಳಿಯ ಹತ್ತಿರ ಅಯಸ್ಕಾಂತ ತಿರುಗಿದರೆ ವಿದ್ಯುತ್ ಹುಟ್ಟುತ್ತದೆ. ನಮ್ಮ ಬೈಕಿನಲ್ಲಿ ಕಿಡಿಗೆ ಬೇಕಾದ ವಿದ್ಯುತ್ ಹೀಗೇ ಮ್ಯಾಗ್ನೆಟ್ ಒಳಗಿನ ಕಾಯಿಲ್‌ನಿಂದ ಬರುತ್ತದೆ. ಕಿಕ್ ಹೊಡೆದಾಗ ಮ್ಯಾಗ್ನೆಟ್ ನಿಧಾನ ತಿರುಗುವುದರಿಂದ ವೋಲ್ಟೇಜ್ ಕಡಿಮೆ, ಓಡುವಾಗ ಜಾಸ್ತಿ. ಅದಕ್ಕೇ ಕಾಯಿಲ್ ಸೋತಿದ್ದರೂ ಓಡುವ ಬೈಕು ನಿಲ್ಲುವುದಿಲ್ಲ, ನಿಂತ ಬೈಕು ಏಳುವುದಿಲ್ಲ. (ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿನ ಬಹುಪಾಲು ಬೈಕುಗಳಲ್ಲಿ ಪಾಯಿಂಟು, ಕಂಡೆನ್ಸರ್ ಇರುತ್ತಿತ್ತು. ಅಂಥ ಬೈಕುಗಳಲ್ಲಿ ಕಂಡೆನ್ಸರನ್ನೂ ನೋಡಬೇಕು. 2020ರ ಬಿ.ಎಸ್.6 ನಿಯಮದ ನಂತರದ ಬೈಕುಗಳು ಬಹುತೇಕ ಫ್ಯೂಯಲ್ ಇಂಜೆಕ್ಷನ್‌ನವು, ಅವುಗಳ ಕಾರ್ಬುರೇಟರ್ ಹುಡುಕಲು ಹೋಗಬೇಡಿ.)

ಮಾವ ಬೆಳಿಗ್ಗೆಯೇ ಮೀಟರ್ ಹಚ್ಚಿ ಕಾಯಿಲ್‌ನ ರೋಧ ಬರೆದಿಟ್ಟಿದ್ದರು, 320 ಓಮ್. ತಾಮ್ರ ಕಾದರೆ ರೋಧ ಏರಬೇಕು, ಡಿಗ್ರಿಗೆ ಸುಮಾರು ನೂರಕ್ಕೆ 0.4ರಷ್ಟು. 50 ಡಿಗ್ರಿ ಏರಿದರೆ 380ರ ಹತ್ತಿರ ಬರಬೇಕು ಅಂತ ನಾನೇ ಲೆಕ್ಕ ಹಾಕಿದೆ. ಈಗ ವೈರ್ ಬಿಚ್ಚಿ ಮೀಟರ್ ಹಿಡಿದರೆ ತೋರಿಸಿದ್ದು 140! "ನೋಡ್ದಾ ಮಗ, ಏರೋ ಬದಲು ಇಳೀತು" ಅಂದರು ಮಾವ. ತಂತಿಯ ಮೇಲಿನ ಎನಾಮಲ್ ಸುಟ್ಟು, ಬಿಸಿಗೆ ಸುತ್ತುಗಳು ಒಂದಕ್ಕೊಂದು ತಾಗಿ, ವಿದ್ಯುತ್ ಅಡ್ಡದಾರಿ ಹಿಡಿಯುತ್ತಿತ್ತು. ತಣ್ಣಗಾದರೆ ಸುತ್ತುಗಳು ಬಿಟ್ಟುಕೊಂಡು ಮತ್ತೆ 320.

ಪೇಟೆಯಿಂದ ಪುಲ್ಲರ್ ಎರವಲು ತಂದು ಮ್ಯಾಗ್ನೆಟ್ ಬಿಚ್ಚಿದರು. ಮಾವನೇ ಹೊಸ ತಂತಿ ಸುತ್ತಿ ವಾರ್ನಿಷ್ ಹಾಕಿ ಒಂದು ದಿನ ಒಣಗಿಸಿದರು. ಖರ್ಚು 450 ರೂಪಾಯಿ. ಮರುದಿನ ಗೇಟಿನ ಹತ್ತಿರ ಎರಡನೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಅಪ್ಪ ಏನೂ ಮಾತಾಡಲಿಲ್ಲ, ಆಫ್ ಮಾಡಿ ಮತ್ತೆ ಮೂರು ಸಲ ಸ್ಟಾರ್ಟ್ ಮಾಡಿ ನೋಡಿದರು.

ಬಿಚ್ಚಿದ ಹಳೇ ತಂತಿಯನ್ನು ವಿಜ್ಞಾನದ ಬೀರುವಿನ ಮೇಲೆ ಇಟ್ಟಿದ್ದೇನೆ. ಚೆನ್ನಾಗಿರುವ ಕಡೆ ಜೇನಿನ ಬಣ್ಣ, ಸುಟ್ಟ ಕಡೆ ಕಪ್ಪು. ನೋಡಬಹುದು, ಆದರೆ ಎಳೆಯಬೇಡಿ, ಕೂದಲಿನಷ್ಟು ಸಣ್ಣ ಇದೆ, ತುಂಡಾಗುತ್ತದೆ.