ಮುರಿದ ತುಂಡನ್ನು ಬಿಸಾಡಬೇಡ, ಅಳಿಯಾ

ನೀನು ಮೂಡುಬಿದಿರೆಯಿಂದ ಬಸ್ಸಿನಲ್ಲಿ ಕಳಿಸಿದ ಪೊಟ್ಟಣ ಬಿ.ಸಿ. ರೋಡಿನ ನನ್ನ ಲೇತ್ ಶಾಪಿಗೆ ತಲುಪಿತು. ಹಾಯಿಕಂಬದ ಎಡಗಡೆಯ ತಂತಿಯನ್ನು ಹಿಡಿದುಕೊಳ್ಳುವ ಸ್ಟೀಲ್ ಪಟ್ಟಿ, ಕಿತ್ತುಬಂದ ನಾಲ್ಕು ರಿವೆಟ್, ಜೊತೆಗೆ ‘ಇದೇ ಅಳತೆಯದ್ದು ಮಾಡಿಕೊಡಿ ಮಾವ’ ಎಂಬ ಚೀಟಿ. ಮಾಡಲಿಕ್ಕೆ ಅರ್ಧ ದಿನ ಸಾಕು ಮಾರಾಯ. ಆದರೆ ಅದೇ ಅಳತೆಯದ್ದನ್ನು ಅದೇ ತೂತಿನಲ್ಲಿ ಕೂರಿಸಿದರೆ ಅದೇ ರೀತಿ ಮುರಿಯುತ್ತದೆ.

ಪಟ್ಟಿಯ ಮುರಿದ ಬಾಯಿಯನ್ನು ಬಿಸಿಲಿಗೆ ಹಿಡಿದು ನೋಡಿದೆ. ಮುಕ್ಕಾಲು ಪಾಲು ಕಂದು ಬಣ್ಣ. ಕಾಲು ಪಾಲು ಮಾತ್ರ ಬೂದಾಗಿ ಮಿನುಗುತ್ತದೆ. ಕಂದು ಭಾಗ ಹಳೇ ಸೀಳು, ಮಿನುಗುವುದು ಮೊನ್ನೆ ಮುರಿದದ್ದು. ಅಂದರೆ ನೀನು ಕೊಂಡ ಹಳೇ ದೋಣಿ ಮುಂಬೈಯಿಂದ ಲಾರಿಯಲ್ಲಿ ಬರುವಾಗಲೇ ಈ ಪಟ್ಟಿ ಹೆಚ್ಚುಕಡಿಮೆ ಮುಗಿದಿತ್ತು. ನೀನು ದೋಣಿ ಇಳಿಸುವ ಸಸಿಹಿತ್ಲುವಿನ ಗಾಳಿಯನ್ನು ಬೈಯುವುದು ಬಿಡು.

ನನ್ನ ಅಜ್ಜನ ಕಾಲಕ್ಕೆ ಬಂಟ್ವಾಳ ಪೇಟೆಯ ಸರಕು ಮಂಗಳೂರಿಗೆ ಹೋಗುತ್ತಿದ್ದದ್ದು ನೇತ್ರಾವತಿಯಲ್ಲಿ, ದೋಣಿಯ ಮೇಲೆ. ಹಗ್ಗ ಸವೆದರೆ ಕಣ್ಣಿಗೆ ಕಾಣುತ್ತಿತ್ತು, ಮರ ಕುಂಬಾದರೆ ಉಗುರು ಇಳಿಯುತ್ತಿತ್ತು. ಕಬ್ಬಿಣವೂ ತುಕ್ಕು ಕಾರಿ ಮೊದಲೇ ಹೇಳುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಹಾಗಲ್ಲ. ಅದರ ಮೈಮೇಲಿನ ಕಾಣದ ಕ್ರೋಮಿಯಂ ಪದರ ಉಳಿಯಬೇಕಾದರೆ ಗಾಳಿ ತಾಗುತ್ತಿರಬೇಕು. ಹಿಂದಿನ ಯಜಮಾನ ಚಂದ ಕಾಣಲಿ ಎಂದು ಪಟ್ಟಿಗೆ ಟೇಪ್ ಸುತ್ತಿದ್ದಾನೆ. ಅದರ ಅಂಟು ಇನ್ನೂ ಉಂಟು. ಟೇಪಿನೊಳಗೆ ಉಪ್ಪುನೀರು ನಿಂತಿತು, ಗಾಳಿ ಹೋಗಲಿಲ್ಲ. ಹೊರಗೆ ಹೊಳಪು, ಒಳಗೆ ಸೀಳು. ಉಳಿದ ಕಡೆ ಸುತ್ತಿದ ಟೇಪನ್ನೆಲ್ಲ ಇವತ್ತೇ ಬಿಚ್ಚು.

ಹೊಸ ಪಟ್ಟಿಗೆ 316 ಎಂಬ ಜಾತಿಯ ಸ್ಟೀಲ್ ಬೇಕು. ಪಾತ್ರೆಗೆ ಬಳಸುವ 304ರಲ್ಲಿ ಇಲ್ಲದ ಮಾಲಿಬ್ಡಿನಂ ಇದರಲ್ಲಿ ನೂರಕ್ಕೆ ಎರಡು-ಮೂರು ಪಾಲು ಇರುತ್ತದೆ, ಉಪ್ಪು ತಡೆಯುವುದು ಅದು. ಅಂಗಡಿಯವ ಅಯಸ್ಕಾಂತ ಹಿಡಿದು ತೋರಿಸಿದರೆ ಒಪ್ಪಬೇಡ. ಎರಡನ್ನೂ ಅಯಸ್ಕಾಂತ ಅಷ್ಟಾಗಿ ಹಿಡಿಯುವುದಿಲ್ಲ. ಬಿಲ್ಲಿನಲ್ಲಿ 316 ಎಂದು ಬರೆಸಿಕೋ.

ಬೆಳ್ತಂಗಡಿಯ ನಿನ್ನ ದೊಡ್ಡಪ್ಪ ‘ಕಂಬಕ್ಕೇ ವೆಲ್ಡ್ ಮಾಡಿಸಿದರೆ ಮುಗಿಯಿತು’ ಎಂದರಂತೆ. ಅವರ ಪವರ್ ಟಿಲ್ಲರಿಗೆ ಅದು ಸರಿ. ಹಾಯಿಕಂಬದ ಅಲ್ಯೂಮಿನಿಯಂ ಕಾಯಿಸಿ ಹದಮಾಡಿ ಗಟ್ಟಿಗೊಳಿಸಿದ್ದು. ವೆಲ್ಡಿಂಗಿನ ಬಿಸಿಗೆ ಆ ಹದ ಹೋಗಿ, ಸುತ್ತಲಿನ ಲೋಹ ಮೆತ್ತಗಾಗುತ್ತದೆ. ಮುಂದಿನ ಸಲ ಪಟ್ಟಿ ಉಳಿದು ಕಂಬವೇ ಮಡಚೀತು. ದೊಡ್ಡಪ್ಪನಿಗೆ ಎದುರಾಡಬೇಡ, ‘ಮಾವ ಬೇಡ ಅಂದರು’ ಎಂದುಬಿಡು.

ರಿವೆಟ್ಟಿನ ಸುತ್ತ ಬಿಳಿ ಹುಡಿ ನೋಡಿದ್ದೀಯಲ್ಲ, ಅದು ಉಪ್ಪಲ್ಲ, ನಿನ್ನ ಕಂಬ. ಸ್ಟೀಲೂ ಅಲ್ಯೂಮಿನಿಯಮ್ಮೂ ಉಪ್ಪುನೀರಿನಲ್ಲಿ ಒಂದಕ್ಕೊಂದು ತಾಗಿದರೆ ಕರಗುವುದು ಅಲ್ಯೂಮಿನಿಯಂ. ಎರಡರ ನಡುವೆ ತೆಳು ನೈಲಾನ್ ಹಾಳೆ ಇಡು, ತೂತಿಗೆ ಸೀಲಂಟ್ ತುಂಬು. ಹಾರ್ಡ್‌ವೇರ್ ಅಂಗಡಿಯ ಸಾಮಾನ್ಯ ಪಾಪ್ ರಿವೆಟ್ ಬೇಡ. ಮೈ ಅಲ್ಯೂಮಿನಿಯಮ್ಮಾದರೂ ಒಳಗಿನ ಕಡ್ಡಿ ಹೆಚ್ಚಾಗಿ ಉಕ್ಕಿನದ್ದು, ತುಕ್ಕು ಹಿಡಿಯುತ್ತದೆ. ನಿಕಲ್ ಮತ್ತು ತಾಮ್ರ ಬೆರೆಸಿದ ಮೋನೆಲ್ ರಿವೆಟ್ ತರಿಸು. ಅದನ್ನು ಎಳೆಯಲಿಕ್ಕೆ ಸಣ್ಣ ಕೈಯಂತ್ರ ಸಾಲದು, ನನ್ನ ಹತ್ತಿರ ಉದ್ದ ಹಿಡಿಯದ್ದು ಉಂಟು. ಹೊಸ ತೂತುಗಳನ್ನು ಹಳೆಯದಕ್ಕಿಂತ ಸ್ವಲ್ಪ ಮೇಲೆ, ಒಂದೇ ಅಡ್ಡಗೆರೆಗೆ ಬಾರದ ಹಾಗೆ ಹೊಡೆಯಬೇಕು. ಕಂಬದ ಸುತ್ತ ಒಂದೇ ಸಾಲಿಗೆ ತೂತು ಬಿದ್ದರೆ ಅಲ್ಲಿಯೇ ಮುರಿಯುತ್ತದೆ.

ಎಡಗಡೆಯದ್ದು ಹೋಯಿತೆಂದರೆ ಬಲಗಡೆಯದ್ದಕ್ಕೂ ಅದೇ ಪ್ರಾಯ. ಅದನ್ನೂ ಕಿತ್ತು ತಾ. ನಿನ್ನದು ಎಂಟರ್‌ಪ್ರೈಸ್ ದೋಣಿ, 1956ರಲ್ಲಿ ಇಂಗ್ಲೆಂಡಿನ ಜಾಕ್ ಹೋಲ್ಟ್ ರೂಪಿಸಿದ್ದು, ನಾಲ್ಕು ಮೀಟರ್ ಉದ್ದ, ಇಬ್ಬರಿಗೆ. ಕಂಬವನ್ನು ಎಳೆದು ನಿಲ್ಲಿಸುವುದು ಮೂರೇ ತಂತಿ, ಎಡಕ್ಕೊಂದು, ಬಲಕ್ಕೊಂದು, ಮುಂದಕ್ಕೊಂದು. ಯಾವುದು ಬಿಟ್ಟರೂ ಕಂಬ ನಿನ್ನ ತಲೆಯ ಮೇಲೆ. ತಂತಿಯ ಉದ್ದಕ್ಕೂ ಹಳೇ ಬನಿಯನ್ ಬಟ್ಟೆ ಎಳೆದು ನೋಡು, ಬರಿಗೈ ಬೇಡ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಒಳಗೊಂದು ತಂತು ತುಂಡಾಗಿದೆ ಎಂದರ್ಥ. ಆ ತಂತಿಯನ್ನು ಗುಜರಿಗೆ ಹಾಕು. ಅಳತೆಯಲ್ಲಿ ಸಂಶಯ ಬಂದರೆ ಕೆಆರ್‌ಎಸ್ ಹಿನ್ನೀರಿನಲ್ಲಿ ರಾಯಲ್ ಮೈಸೂರು ಸೇಲಿಂಗ್ ಕ್ಲಬ್ ಉಂಟು, ಅಲ್ಲಿ ಕೇಳಲು ನಾಚಿಕೆ ಪಡಬೇಡ.

ಇನ್ನೊಂದು. ನೀನು ಕಳಿಸಿದ ಫೋಟೊದಲ್ಲಿ, ತಂತಿಯನ್ನು ಪಟ್ಟಿಗೆ ಸೇರಿಸುವ ಪಿನ್ನಿನ ಜಾಗದಲ್ಲಿ ತುದಿಯಿಂದ ಬುಡದವರೆಗೆ ಥ್ರೆಡ್ ಇರುವ ಬೋಲ್ಟ್ ಕಂಡೆ. ಥ್ರೆಡ್ಡಿನ ತಗ್ಗಿನಲ್ಲೇ ಅದು ತುಂಡಾಗುವುದು. ನಯವಾದ ಮೈಯ ಪಿನ್ ಹಾಕು, ಅದು ಜಾರದಂತೆ ತಡೆಯುವ ಸ್ಪ್ಲಿಟ್ ಪಿನ್ ವರ್ಷಕ್ಕೊಮ್ಮೆ ಹೊಸತು. ಅದರಲ್ಲಿ ಐವತ್ತು ರೂಪಾಯಿ ಉಳಿಸಿ ನೀನು ಶ್ರೀಮಂತನಾಗುವುದಿಲ್ಲ. ಶಾಂಭವಿ, ನಂದಿನಿ ಸಮುದ್ರ ಸೇರುವ ಸಸಿಹಿತ್ಲುವಿನ ನೀರು ಉಪ್ಪೇ. ದೋಣಿ ದಡಕ್ಕೆ ಬಂದ ಕೂಡಲೇ ಎರಡು ಕೊಡಪಾನ ಸಿಹಿನೀರು ಸುರಿ.

ಕಡೆಗೆ, ಎಲ್ಲಕ್ಕಿಂತ ಮುಖ್ಯವಾದದ್ದು. ರಿಪೇರಿ ಆದ ಮೇಲೆ ಉಮೇದಿನಲ್ಲಿ ಅಂಗಳದಲ್ಲೇ ಕಂಬ ಎತ್ತಿ ನೋಡಲು ಹೊರಡುತ್ತೀ, ನನಗೆ ಗೊತ್ತುಂಟು. ಅಡಿಕೆ ತೋಟದಲ್ಲಿ ಅಲ್ಯೂಮಿನಿಯಂ ದೋಟಿ ಕರೆಂಟ್ ತಂತಿಗೆ ತಾಗಿ ಜೀವ ಹೋದ ಸುದ್ದಿ ನಮ್ಮ ಕಡೆ ಕೇಳದವರಿಲ್ಲ. ನಿನ್ನ ಕಂಬವೂ ಅಲ್ಯೂಮಿನಿಯಮ್ಮೇ, ದೋಣಿಗಿಂತ ಉದ್ದ. ನಿಮ್ಮ ಗೇಟಿನ ಮೇಲೆ ಮೆಸ್ಕಾಂ ಲೈನ್ ಹೋಗಿದೆ. ಕಂಬವನ್ನು ಮಲಗಿಸಿಯೇ ಒಯ್ಯಿ, ತಂತಿಯಿಲ್ಲದ ಬಯಲಿಗೆ ತಲುಪಿ, ತಲೆಯೆತ್ತಿ ನೋಡಿದ ಮೇಲೆಯೇ ನಿಲ್ಲಿಸು.